ಒದ್ದೆಯಾದ ನೆಲ ಮಳೆಯನ್ನು ಕರೆಯುತ್ತದೆಯೇ? ಕರಾವಳಿಯ ಮಣ್ಣಿನ ತೇವ ಮತ್ತು ಮಳೆಯ ಸಂಬಂಧದ ಚರ್ಚೆ

ಕೃಷಿಕ, ಕಾರ್ಕಳ

ಹವಾಮಾನದ ವಿಷಯವನ್ನು ಓದಿಕೊಂಡವರು ಇಲ್ಲಿದ್ದಾರೆ ಎಂಬ ಧೈರ್ಯದಿಂದ ಒಂದು ಪ್ರಶ್ನೆಯನ್ನು ಮುಂದಿಡುತ್ತಿದ್ದೇನೆ. ನಮ್ಮ ಮನೆ ಇರುವುದು ಕಾರ್ಕಳದಿಂದ ಮಾಳದ ಕಡೆಗೆ ಹೋಗುವಾಗ ಸಿಗುವ ಘಟ್ಟದ ಬುಡದಲ್ಲಿ. ತಂದೆಯವರ ಕಾಲದಿಂದಲೂ ಅಂಗಳದಲ್ಲಿ ಮಳೆಮಾಪಕವಿದೆ. ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ಅಳೆದು ಪುಸ್ತಕದಲ್ಲಿ ಬರೆದಿಡುವ ಅವರ ಅಭ್ಯಾಸವನ್ನು ನಾನೂ ಮುಂದುವರಿಸಿದ್ದೇನೆ. ಆ ಪುಸ್ತಕಗಳನ್ನು ತಿರುವಿ ನೋಡುವಾಗ ಒಂದು ಸಂಗತಿ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ತುಳುವರ ಪಗ್ಗು, ಬೇಶ ತಿಂಗಳುಗಳಲ್ಲಿ, ಅಂದರೆ ಏಪ್ರಿಲ್ ನಡುವಿನಿಂದ ಮುಂಗಾರು ಹಿಡಿಯುವವರೆಗೆ, ಮೊದಲ ದೊಡ್ಡ ಗುಡುಗು ಮಳೆ ಎಲ್ಲಿ ಬೀಳುತ್ತದೆಯೋ ಅಲ್ಲಿ ಎರಡು ಮೂರು ದಿನ ಬಿಟ್ಟು ಮತ್ತೆ ಮಳೆಯಾಗುತ್ತದೆ. ಆ ಮೊದಲ ಮಳೆ ತಪ್ಪಿದ ವರ್ಷಗಳಲ್ಲಿ ಮಧ್ಯಾಹ್ನ ಮೋಡ ಕಟ್ಟಿದರೂ ಹನಿ ಬೀಳದೆ ಚದುರಿ ಹೋದ ದಿನಗಳೇ ಹೆಚ್ಚು. ನೆಲ ಒದ್ದೆಯಾದರೆ ಮಳೆ ದಾರಿ ಮರೆಯುವುದಿಲ್ಲ ಎಂದು ತಂದೆಯವರು ಹೇಳುತ್ತಿದ್ದರು.

ಈ ಮಾತಿನಲ್ಲಿ ವಿಜ್ಞಾನ ಇದೆಯೇ? ಇದ್ದರೆ ಇನ್ನೊಂದು ಪ್ರಶ್ನೆ. ತೋಡುಗಳಿಗೆ (ಸಣ್ಣ ಹಳ್ಳಗಳಿಗೆ) ಹಿಂದಿನಂತೆ ಕಟ್ಟ, ಅಂದರೆ ತಾತ್ಕಾಲಿಕ ಒಡ್ಡು, ಹಾಕಿ, ಬೈಲಿನ, ಅಂದರೆ ತಗ್ಗಿನ, ಗದ್ದೆಗಳಲ್ಲಿ ತೇವ ಉಳಿಸಿಕೊಂಡರೆ, ಊರಿಗೆ ಬೇಸಿಗೆಯ ಮಳೆ ಹೆಚ್ಚಾಗಬಹುದೇ? ನಮ್ಮ ಕಡೆ ಕೊಳಕೆ, ಅಂದರೆ ಬೇಸಿಗೆಯ ಭತ್ತದ ಬೆಳೆ, ಹೆಚ್ಚುಕಡಿಮೆ ನಿಂತೇ ಹೋಗಿದೆ. ಮಾರ್ಚ್‌ನಲ್ಲಿ ಹಸುರಾಗಿರುತ್ತಿದ್ದ ಬೈಲು ಈಗ ಒಣಗಿ ಬಿರುಕು ಬಿಟ್ಟು ಮಲಗಿರುತ್ತದೆ. ಮಳೆ ಹಿಂದೆ ಮುಂದೆ ಆಗುವುದಕ್ಕೂ ಇದಕ್ಕೂ ಸಂಬಂಧ ಇರಬಹುದೆಂಬ ಯೋಚನೆ ನನ್ನನ್ನು ಬಿಡುತ್ತಿಲ್ಲ.

ಭೂಗೋಳ ಅಧ್ಯಾಪಕಿ, ಉಡುಪಿ

ತಾವು ಕೇಳಿರುವುದು ಹವಾಮಾನ ವಿಜ್ಞಾನಿಗಳು ಹಲವು ದಶಕಗಳಿಂದ ಚರ್ಚಿಸುತ್ತಿರುವ ಪ್ರಶ್ನೆ. ಮೊದಲು ನೆಲದ ಮೇಲೆ ಏನು ನಡೆಯುತ್ತದೆ ಎಂಬುದನ್ನು ನೋಡೋಣ.

ಬಿಸಿಲಿನಿಂದ ನೆಲಕ್ಕೆ ಬಂದ ಶಾಖ ಮುಖ್ಯವಾಗಿ ಎರಡು ದಾರಿಗಳಲ್ಲಿ ಗಾಳಿಗೆ ಮರಳುತ್ತದೆ. ಮಣ್ಣು ಒಣಗಿದ್ದರೆ ಅದು ನೇರವಾಗಿ ಗಾಳಿಯನ್ನು ಬಿಸಿ ಮಾಡುತ್ತದೆ. ಮಣ್ಣಿನಲ್ಲಿ ತೇವವಿದ್ದರೆ, ಅಥವಾ ಬೇರುಗಳಿಗೆ ನೀರು ಸಿಗುವಂತಿದ್ದರೆ, ಶಾಖದ ದೊಡ್ಡ ಪಾಲು ನೀರನ್ನು ಆವಿ ಮಾಡುವುದರಲ್ಲಿ ಖರ್ಚಾಗಿ ಗುಪ್ತೋಷ್ಣವಾಗಿ ಆವಿಯೊಂದಿಗೆ ಮೇಲೇರುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2.45 ಮೆಗಾಜೂಲ್ ಶಾಖ ಬೇಕು. ಒಂದು ಚದರ ಮೀಟರ್ ತೋಟದಿಂದ ದಿನಕ್ಕೆ 4 ಲೀಟರ್, ಅಂದರೆ 4 ಮಿಲಿಮೀಟರ್, ನೀರು ಆವಿಯಾಗುತ್ತದೆ ಎಂದು ಇಟ್ಟುಕೊಳ್ಳೋಣ. ಅದಕ್ಕೆ ತಗಲುವ ಶಾಖ ಸುಮಾರು 10 ಮೆಗಾಜೂಲ್. ಮನೆಯ ವಿದ್ಯುತ್ ಬಿಲ್ಲಿನ ಲೆಕ್ಕದಲ್ಲಿ ಎರಡೂವರೆ ಯೂನಿಟ್‌ಗಿಂತ ಸ್ವಲ್ಪ ಹೆಚ್ಚು. ಅಷ್ಟೇ ಶಾಖ ಒಣ ಪದವಿನ (ಎತ್ತರದ ಬೋಳು ಬಯಲಿನ) ಮೇಲೆ ಗಾಳಿಗೆ ನೇರವಾಗಿ ಸೇರಿದರೆ, ಒಂದು ಕಿಲೋಮೀಟರ್ ಎತ್ತರದವರೆಗಿನ ಗಾಳಿಯ ಕಂಬವನ್ನು 8 ಡಿಗ್ರಿಯಷ್ಟು ಬಿಸಿ ಮಾಡಲು ಸಾಕು. ಮುರಕಲ್ಲಿನ (ಜಂಬಿಟ್ಟಿಗೆಯ) ಪದವಿನ ನೆಲವನ್ನು ಮಧ್ಯಾಹ್ನ ದಾಟಿ ಅಡಿಕೆ ತೋಟದೊಳಕ್ಕೆ ಇಳಿದವರಿಗೆ ಈ ವ್ಯತ್ಯಾಸ ಚರ್ಮಕ್ಕೇ ಗೊತ್ತಾಗುತ್ತದೆ.

ಇದರಿಂದ ಮಳೆಗೆ ಎರಡು ವಿರುದ್ಧ ಪರಿಣಾಮಗಳು ಸಾಧ್ಯ. ಒದ್ದೆ ನೆಲದ ಮೇಲಿನ ಗಾಳಿಯಲ್ಲಿ ಆವಿ ಹೆಚ್ಚಿರುವುದರಿಂದ ಅದು ಸ್ವಲ್ಪ ಎತ್ತರಕ್ಕೆ ಏರಿದರೂ ಮೋಡವಾಗುತ್ತದೆ, ಮೋಡಕ್ಕೆ ಬೇಕಾದ ಶಕ್ತಿಯೂ ಅದರಲ್ಲೇ ಇರುತ್ತದೆ. ಒಣ ನೆಲದ ಮೇಲಿನ ಗಾಳಿ ಆವಿಯಲ್ಲಿ ಬಡವಾದರೂ ಬಿಸಿಯಿಂದಾಗಿ ಜೋರಾಗಿ ಮೇಲಕ್ಕೆ ನುಗ್ಗುತ್ತದೆ, ಕೆಳಗಿನ ಗಾಳಿ ಏರದಂತೆ ಮೇಲೆ ತಡೆಯುವ ಗಾಳಿಯ ಪದರವನ್ನು ಭೇದಿಸುವ ಬಲ ಅದಕ್ಕೆ ಹೆಚ್ಚು. ಯಾವುದು ಗೆಲ್ಲುತ್ತದೆ ಎಂಬುದು ಆ ದಿನ ಮೇಲಿನ ಗಾಳಿಯ ಸ್ಥಿತಿ ಹೇಗಿದೆ ಎಂಬುದರ ಮೇಲೆ ನಿಂತಿದೆ. ಆದ್ದರಿಂದ ಒದ್ದೆ ನೆಲ ಮಳೆಯನ್ನು ಕರೆಯುತ್ತದೆ ಎಂಬ ಮಾತು ಎಲ್ಲ ಕಡೆಗೂ ಎಲ್ಲ ಕಾಲಕ್ಕೂ ಹೊಂದುವುದಿಲ್ಲ. ತಂದೆಯವರು ಅದನ್ನು ಬೇಶ ತಿಂಗಳ ಮಳೆಗೆ ಮಾತ್ರ ಹೇಳಿದ್ದರೆ ಅದರಲ್ಲಿ ಹುರುಳು ಇರಬಹುದು.

ಮೀನುಗಾರಿಕೆಯವರು, ಮಲ್ಪೆ

ಟೀಚರ್ ಬರೆದಿರುವುದನ್ನು ಗೌರವದಿಂದ ಓದಿದೆ. ಆದರೂ ಕಡಲಿನ ಮೇಲೆ ಬದುಕಿದವನಾಗಿ ಒಂದು ಮಾತನ್ನು ಹೇಳಬೇಕು. ನಮ್ಮ ಮಳೆ ಬರುವುದು ಪಡುವಣದಿಂದ. ಜೂನ್ ಆರಂಭದಲ್ಲಿ ಗಾಳಿ ತಿರುಗಿ, ನೀರಿನ ಬಣ್ಣ ಬದಲಾಗಿ, ತೆರೆ ಎದ್ದ ಮೇಲೆ ನೆಲ ಒಣಗಿದೆಯೋ ಒದ್ದೆಯಾಗಿದೆಯೋ ಎಂದು ಮಳೆ ಕೇಳುವುದಿಲ್ಲ. ಅರಬ್ಬಿ ಸಮುದ್ರದಿಂದ ಅಷ್ಟು ನೀರು ಹೊತ್ತು ಬರುವ ಗಾಳಿಗೆ ನಮ್ಮ ಬೈಲುಗದ್ದೆಯ ತೇವ ಯಾವ ಲೆಕ್ಕ? 2025ರಲ್ಲಿ ಕೇರಳಕ್ಕೆ ಮುಂಗಾರು ಮೇ 24ಕ್ಕೇ ಬಂತು, 2023ರಲ್ಲಿ ಜೂನ್ 8ರವರೆಗೆ ಕಾಯಿಸಿತು. ಎರಡಕ್ಕೂ ಕಾರಣವನ್ನು ಕಡಲಿನಲ್ಲಿ, ಗಾಳಿಯಲ್ಲಿ ಹುಡುಕಬೇಕಲ್ಲದೆ ಗದ್ದೆಯಲ್ಲಿ ಅಲ್ಲ ಎಂಬುದು ನನ್ನ ಅಭಿಪ್ರಾಯ.

ಜಲವಿಜ್ಞಾನ ವಿದ್ಯಾರ್ಥಿ, ಸುರತ್ಕಲ್

ಮಲ್ಪೆಯ ಅಣ್ಣ ಹೇಳಿದ್ದನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗೆ ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಉಡುಪಿ ಮತ್ತು ದಕ್ಷಿಣ ಕನ್ನಡಗಳಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 4,000 ಮಿಲಿಮೀಟರ್, ಅದರ ಬಹುಪಾಲು ಈ ನಾಲ್ಕು ತಿಂಗಳಿನದು. ಆಗ ಮಣ್ಣು ತುಂಬಿ ತುಳುಕುತ್ತಿರುತ್ತದೆ, ಬಿಸಿಲು ಇರುವುದಿಲ್ಲ. ಮಣ್ಣಿನಲ್ಲಿ ಇನ್ನೂ 10 ಮಿಲಿಮೀಟರ್ ಹೆಚ್ಚು ನೀರಿದ್ದರೂ ಆವಿಯಾಗುವ ಪ್ರಮಾಣ ಬದಲಾಗದು, ಏಕೆಂದರೆ ಆಗ ಕೊರತೆ ಇರುವುದು ಶಾಖಕ್ಕೆ. ಘಟ್ಟಕ್ಕೆ ಗುದ್ದಿ ಮೇಲೇರುವ ಕಡಲ ಗಾಳಿಯೇ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿನ ಆಸುಪಾಸು ಮಳೆ ಸುರಿಸುವುದು.

ಮಣ್ಣಿನ ತೇವಕ್ಕೆ ಮಳೆಯ ಮೇಲೆ ಹಿಡಿತ ಸಿಗುವುದು ತೀರಾ ಒದ್ದೆಯೂ ಅಲ್ಲದ, ತೀರಾ ಒಣಗಿಯೂ ಇರದ ನಡುವಣ ಸ್ಥಿತಿಯಲ್ಲಿ. ಮರುಭೂಮಿಯಲ್ಲಿ ಆವಿಯಾಗಲು ನೀರಿಲ್ಲ. ಆಟಿ ತಿಂಗಳ, ಅಂದರೆ ಜುಲೈ-ಆಗಸ್ಟ್ ಹೊತ್ತಿನ, ಕರಾವಳಿಯಲ್ಲಿ ಆವಿ ಮಾಡಲು ಬಿಸಿಲಿಲ್ಲ. ಅಮೆರಿಕದ ನಾಸಾದ ರ್ಯಾಂಡಲ್ ಕೋಸ್ಟರ್ ಮತ್ತು ಸಂಗಡಿಗರು 12 ಹವಾಮಾನ ಮಾದರಿಗಳನ್ನು (ಹವಾಮಾನವನ್ನು ಅನುಕರಿಸುವ ಕಂಪ್ಯೂಟರ್ ಲೆಕ್ಕಗಳನ್ನು) ಒಟ್ಟಿಗೆ ಓಡಿಸಿ, ಜೂನ್‌ನಿಂದ ಆಗಸ್ಟ್ ಅವಧಿಯಲ್ಲಿ ಮಣ್ಣಿನ ತೇವ ಮಳೆಯನ್ನು ಬಲವಾಗಿ ಪ್ರಭಾವಿಸುವ ಪ್ರದೇಶಗಳು ಯಾವುವು ಎಂದು ಹುಡುಕಿದ್ದರು. 2004ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಎದ್ದು ಕಂಡದ್ದು ಉತ್ತರ ಅಮೆರಿಕದ ಮಧ್ಯದ ಬಯಲುಗಳು, ಆಫ್ರಿಕದಲ್ಲಿ ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ ಸಾಹೆಲ್ ಮತ್ತು ಸಮಭಾಜಕದ ಭಾಗ, ಹಾಗೂ ನಮ್ಮ ಭಾರತ. ಎಲ್ಲವೂ ಒಣ ಮತ್ತು ಒದ್ದೆ ಹವಾಮಾನಗಳ ನಡುವೆ ಇರುವ ನೆಲಗಳು. ಭಾರತ ಎಂದಾಗ ಅಲ್ಲಿ ಮುಖ್ಯವಾಗುವುದು ಒಳನಾಡಿನ ಬಯಲು, ಘಟ್ಟದ ಪಡುವಣ ಬದಿಯ ನಮ್ಮ ಪಟ್ಟಿ ಅಲ್ಲ.

ಆದರೆ ನಮಗೂ ನಡುವಣ ಸ್ಥಿತಿ ಇರುವ ಒಂದು ಕಾಲವಿದೆ, ಅದು ಏಪ್ರಿಲ್ ಮತ್ತು ಮೇ. ಕಾರ್ಕಳದ ಹಿರಿಯರು ಕೇಳಿರುವುದು ಅದೇ ಕಾಲದ ಬಗ್ಗೆ.

ಕೃಷಿಕ, ಕಾರ್ಕಳ

ಬಿಡಿಸಿ ಹೇಳಿದ್ದಕ್ಕೆ ಇಬ್ಬರಿಗೂ ಕೃತಜ್ಞತೆಗಳು. ಹಾಗಿದ್ದರೆ ನನ್ನ ಪುಸ್ತಕದಲ್ಲಿ ಕಾಣುವುದು ಮಣ್ಣಿನ ತೇವದ ಪ್ರಭಾವವೇ ಎಂದು ಹಿಡಿಯಬಹುದೇ?

ಜಲವಿಜ್ಞಾನ ವಿದ್ಯಾರ್ಥಿ, ಸುರತ್ಕಲ್

ಇಷ್ಟರಿಂದಲೇ ಹಾಗೆ ಹಿಡಿಯಲಾಗದು, ಹಿರಿಯರೇ. ಇದನ್ನು ಹೇಳುವಾಗ ನನಗೂ ಸ್ವಲ್ಪ ಬೇಸರವಾಗುತ್ತದೆ, ಏಕೆಂದರೆ ಅಷ್ಟು ವರ್ಷ ಬಿಡದೆ ಬರೆದಿಟ್ಟ ಪುಸ್ತಕ ಸಣ್ಣ ಆಸ್ತಿಯಲ್ಲ.

ಸೋಮವಾರ ಮಳೆಯಾಗಿ ಗುರುವಾರ ಮತ್ತೆ ಮಳೆಯಾಯಿತು ಎಂದರೆ, ಸೋಮವಾರದ ಮಳೆಯೇ ಗುರುವಾರದ ಮಳೆಗೆ ಕಾರಣ ಎಂದಾಗುವುದಿಲ್ಲ. ಕಡಲಿನ ಮೇಲೆ ಒತ್ತಡ ಕುಸಿದು, ಒಂದು ವಾರವಿಡೀ ಕರಾವಳಿಯ ಮೇಲೆ ಆವಿ ತುಂಬಿದ ಗಾಳಿ ಬೀಸುತ್ತಿದ್ದರೆ ಎರಡು ದಿನವೂ ಮಳೆಯಾಗುತ್ತದೆ, ಮಣ್ಣು ಹೇಗಿದ್ದರೂ. ಹಾಗೆಯೇ ಆ ಗಾಳಿ ಬಾರದ ವರ್ಷದಲ್ಲಿ ಮೊದಲ ಮಳೆಯೂ ಇರುವುದಿಲ್ಲ, ಎರಡನೆಯದೂ ಇರುವುದಿಲ್ಲ. ಅಣ್ಣತಮ್ಮಂದಿರು ಇಬ್ಬರೂ ಎತ್ತರವಾಗಿದ್ದರೆ ಅಣ್ಣನಿಂದ ತಮ್ಮನಿಗೆ ಎತ್ತರ ಬಂತು ಎನ್ನಲಾಗುವುದಿಲ್ಲವಷ್ಟೆ. ಈ ಕ್ಷೇತ್ರದ ಸಂಶೋಧನೆಯಲ್ಲಿ ಅತ್ಯಂತ ಕಷ್ಟದ ಭಾಗವೇ ಇದು.

ಇದನ್ನು ಬಿಡಿಸಲು ಬ್ರಿಟನ್ನಿನ ಕ್ರಿಸ್ಟೋಫರ್ ಟೇಲರ್ ಮತ್ತು ಅವರ ಜೊತೆಗಾರರು ಬೇರೆ ದಾರಿ ಹಿಡಿದರು. ಒಂದೇ ದಿನ, ಒಂದೇ ಆಕಾಶದ ಕೆಳಗೆ, 50ರಿಂದ 100 ಕಿಲೋಮೀಟರಿನ ಅಳತೆಯಲ್ಲಿ, ಮಧ್ಯಾಹ್ನದ ನಂತರದ ಮಳೆ ಸುತ್ತಲಿಗಿಂತ ಒದ್ದೆಯಾದ ತುಂಡಿನ ಮೇಲೆ ಬಿತ್ತೇ, ಒಣಗಿದ ತುಂಡಿನ ಮೇಲೆ ಬಿತ್ತೇ ಎಂದು ಉಪಗ್ರಹಗಳ ಮಾಹಿತಿಯಿಂದ ಹಲವು ಖಂಡಗಳಲ್ಲಿ ನೋಡಿದರು. 2012ರಲ್ಲಿ ಪ್ರಕಟವಾದ ಅವರ ಫಲಿತಾಂಶ ಅನೇಕರ ನಿರೀಕ್ಷೆಯನ್ನು ತಲೆಕೆಳಗು ಮಾಡಿತು. ಮಳೆ ಸುತ್ತಲಿಗಿಂತ ಒಣಗಿದ ನೆಲದ ಮೇಲೆ ಬೀಳುವ ಸಂಭವವೇ ಹೆಚ್ಚಾಗಿತ್ತು, ಸಾಹೆಲ್‌ನಂಥ ಅರೆಶುಷ್ಕ ಪ್ರದೇಶಗಳಲ್ಲಿ ಇದು ಎದ್ದು ಕಂಡಿತು. ಅದೇ ಪರೀಕ್ಷೆಗೆ ಒಳಪಡಿಸಿದ ಹವಾಮಾನ ಮಾದರಿಗಳು ಇದಕ್ಕೆ ವಿರುದ್ಧವಾದ ಉತ್ತರವನ್ನು ಕೊಟ್ಟಿದ್ದವು.

ಕಾರಣ ನಮ್ಮ ಕರಾವಳಿಯವರಿಗೆ ಸುಲಭವಾಗಿ ಅರ್ಥವಾಗುವಂಥದ್ದು. ಹಗಲಿನಲ್ಲಿ ತಂಪಾದ ಕಡಲಿನಿಂದ ಬಿಸಿಯಾದ ನೆಲದ ಕಡೆಗೆ ಗಾಳಿ ಬೀಸುವಂತೆ, ತಂಪಾದ ಒದ್ದೆ ನೆಲದಿಂದ ಬಿಸಿಯಾದ ಒಣ ನೆಲದ ಕಡೆಗೂ ಗಾಳಿ ಬೀಸುತ್ತದೆ. ಆ ಗಾಳಿ ಒಣ ನೆಲದ ಅಂಚಿನಲ್ಲಿ ಒತ್ತರಿಸಿ ಮೇಲೇರುವಾಗ ಒದ್ದೆ ನೆಲದ ಆವಿಯೂ ಒಣ ನೆಲದ ಬಿಸಿಯೂ ಕೂಡಿ ಮೋಡ ಅಲ್ಲಿ ಹುಟ್ಟುತ್ತದೆ.

2015ರಲ್ಲಿ ಜ್ಯೂರಿಚ್‌ನ ಸಂಶೋಧಕರು ಪ್ರಕಟಿಸಿದ ಅಧ್ಯಯನ ಈ ಗೋಜಲನ್ನು ಬಹುಮಟ್ಟಿಗೆ ಬಿಡಿಸಿತು. ಅವರು ಕಾಲದ ಪ್ರಶ್ನೆಯನ್ನೂ ಜಾಗದ ಪ್ರಶ್ನೆಯನ್ನೂ ಬೇರೆ ಮಾಡಿದರು. ಒಂದು ಪ್ರದೇಶ ಒಟ್ಟಾರೆಯಾಗಿ ಎಂದಿಗಿಂತ ಒದ್ದೆಯಾಗಿರುವ ದಿನಗಳಲ್ಲಿ ಮಧ್ಯಾಹ್ನದ ಮಳೆ ಹೆಚ್ಚು. ಆದರೆ ಆ ದಿನ ಅದೇ ಪ್ರದೇಶದೊಳಗೆ ಮಳೆ ಎಲ್ಲಿ ಬೀಳುತ್ತದೆ ಎಂದು ಕೇಳಿದರೆ, ಸುತ್ತಲಿಗಿಂತ ಒಣಗಿದ ತುಂಡಿನ ಮೇಲೆ. ಹಾಗಾಗಿ ತಾವು ಬರೆದ ಮಾತಿನಲ್ಲಿ "ಮತ್ತೆ ಮಳೆಯಾಗುತ್ತದೆ" ಎಂಬುದಕ್ಕೆ ಬೆಂಬಲವಿದೆ, "ಅದೇ ಜಾಗದಲ್ಲಿ" ಎಂಬುದಕ್ಕೆ ಇಲ್ಲ.

ಭೂಗೋಳ ಅಧ್ಯಾಪಕಿ, ಉಡುಪಿ

ವಿದ್ಯಾರ್ಥಿ ಬರೆದದ್ದಕ್ಕೆ ಒಂದು ಎಚ್ಚರಿಕೆಯ ಮಾತು ಸೇರಿಸುತ್ತೇನೆ. ಆ ಅಧ್ಯಯನಗಳ ಪಾಠ ಸ್ಪಷ್ಟವಾಗಿ ಕಾಣುವುದು ಸಮತಟ್ಟಾದ ನೆಲದಲ್ಲಿ. ನಮ್ಮಲ್ಲಿ ಪಡುವಣಕ್ಕೆ ಕಡಲು, ಮೂಡಣಕ್ಕೆ ಗೋಡೆಯಂತೆ ಘಟ್ಟ. ಮೇ ತಿಂಗಳ ಮಧ್ಯಾಹ್ನ ಕಡಲ ಗಾಳಿ ಒಳನಾಡಿಗೆ ನುಗ್ಗಿ ಘಟ್ಟದ ಬುಡದಲ್ಲಿ ಮೇಲೇರುತ್ತದೆ. ಬೆಳ್ತಂಗಡಿ, ಸುಳ್ಯ, ಹೆಬ್ರಿ, ಕಾರ್ಕಳದ ಮೂಡಣ ಭಾಗಗಳಲ್ಲಿ ಸಂಜೆಯ ಗುಡುಗು ಮಳೆ ಹೆಚ್ಚಿರುವುದಕ್ಕೆ ಇದು ಮೊದಲ ಕಾರಣ. ಅದರ ಮುಂದೆ ಮಣ್ಣಿನ ತೇವದ ಪಾತ್ರ ಎರಡನೆಯದು. ಕಡಲ ಗಾಳಿ ಎಷ್ಟು ಜೋರಾಗಿ ಬೀಸುತ್ತದೆ ಎಂಬುದು ನೆಲ ಮತ್ತು ಕಡಲಿನ ಬಿಸಿಯ ಅಂತರವನ್ನು ಅವಲಂಬಿಸಿದೆ. ಕರಾವಳಿಯ ನೆಲ ಒದ್ದೆಯಾಗಿ ತಂಪಾದರೆ ಆ ಅಂತರವೇ ಕಡಿಮೆಯಾಗುತ್ತದೆ ಎಂಬುದನ್ನೂ ಮರೆಯುವಂತಿಲ್ಲ.

ಒದ್ದೆ ನೆಲ ಮಳೆಯನ್ನು ಕುಗ್ಗಿಸಬಹುದು ಎಂಬ ಯೋಚನೆ ಹೊಸದೂ ಅಲ್ಲ. ಭಾರತೀಯ ಹವಾಮಾನ ಇಲಾಖೆಯ ಮೊದಲ ಮುಖ್ಯಸ್ಥ ಹೆನ್ರಿ ಬ್ಲ್ಯಾನ್‌ಫೋರ್ಡ್ 1884ರಲ್ಲೇ, ಹಿಮಾಲಯದಲ್ಲಿ ಹಿಮ ಹೆಚ್ಚು ಬಿದ್ದ ವರ್ಷ ಮುಂಗಾರು ದುರ್ಬಲವಾಗುತ್ತದೆ ಎಂದು ಬರೆದಿದ್ದರು. ಹಿಮ ಬಿಸಿಲನ್ನು ಹಿಂದಿರುಗಿಸುತ್ತದೆ, ಕರಗಿದ ಮೇಲೆ ನೆಲವನ್ನು ಒದ್ದೆಯಾಗಿಡುತ್ತದೆ. ಒದ್ದೆ ನೆಲ ಕಾಯಲು ತಡವಾಗುತ್ತದೆ. ನೆಲ ಕಾಯದಿದ್ದರೆ ಕಡಲಿನ ಗಾಳಿಯನ್ನು ಎಳೆಯುವ ಬಲ ಕಡಿಮೆ. ಮುಂದೆ ಈ ಸಂಬಂಧ ಎಲ್ಲ ವರ್ಷಗಳಲ್ಲೂ ಹಾಗೆಯೇ ನಿಲ್ಲಲಿಲ್ಲವಾದರೂ, ವಿಚಾರದ ದಾರಿ ಮಾತ್ರ ಇಂದಿಗೂ ಉಪಯುಕ್ತ.

ಕಾಫಿ ಬೆಳೆಗಾರ, ಮೂಡಿಗೆರೆ

ನಾನು ಹುಟ್ಟಿದ್ದು ಪುತ್ತೂರಿನಲ್ಲಿ, ಈಗ ಘಟ್ಟದ ಮೇಲಿದ್ದೇನೆ, ಆದ್ದರಿಂದ ಎರಡೂ ಕಡೆಯ ಮಳೆಯನ್ನು ನೋಡಿದವನು. ನಮಗೆ ಫೆಬ್ರವರಿ ಕೊನೆ, ಮಾರ್ಚ್‌ನಲ್ಲಿ ಬರುವ ಹೂಮಳೆಯೇ ಪ್ರಾಣ. ಆ ಮಳೆ ತಪ್ಪಿದರೆ ಸ್ಪ್ರಿಂಕ್ಲರ್ ಹಾಕಿ ಹೂ ಬಿಡಿಸಬೇಕು.

ನನ್ನ ಪ್ರಶ್ನೆ ಇಷ್ಟು. ನೀವೆಲ್ಲರೂ ಕರಾವಳಿಯ ಮಣ್ಣು ಕರಾವಳಿಗೇ ಮಳೆ ತರುತ್ತದೆಯೇ ಎಂದು ಕೇಳುತ್ತಿದ್ದೀರಿ. ಮುಂಗಾರಿನ ಗಾಳಿ ಬೀಸುವುದು ಪಡುವಣದಿಂದ ಮೂಡಣಕ್ಕೆ. ಹಾಗಾದರೆ ಕರಾವಳಿಯ, ಘಟ್ಟದ ಕಾಡಿನ ಮಣ್ಣಿನಿಂದ ಎದ್ದ ಆವಿ ಹೋಗಿ ಬೀಳುವುದು ಘಟ್ಟದಾಚೆಗಲ್ಲವೇ? ನಮ್ಮಲ್ಲಿಂದ ಹಾಸನ ದಾಟಿದರೆ ಮಳೆ ಅರ್ಧಕ್ಕಿಂತ ಕಡಿಮೆ, ಚಿತ್ರದುರ್ಗಕ್ಕೆ ಹೋದರೆ ಇನ್ನೂ ಕಡಿಮೆ. ಆ ಒಣ ನಾಡಿಗೆ ನಮ್ಮ ಕಾಡು ಏನಾದರೂ ಕಳಿಸುತ್ತಿದೆಯೇ?

ಭೂಗೋಳ ಅಧ್ಯಾಪಕಿ, ಉಡುಪಿ

ಈ ಚರ್ಚೆಯಲ್ಲಿ ಇಲ್ಲಿಯವರೆಗೆ ಬಂದ ಪ್ರಶ್ನೆಗಳಲ್ಲಿ ಇದೇ ಮುಖ್ಯವಾದದ್ದು ಎಂದು ನನಗೆ ಅನ್ನಿಸುತ್ತದೆ.

ಕಳಿಸುತ್ತಿದೆ. ನೆಲದಿಂದ ಎದ್ದ ಆವಿ ಮತ್ತೆ ನೆಲದ ಮೇಲೆಯೇ ಮಳೆಯಾಗಿ ಬೀಳುವುದನ್ನು ತೇವಾಂಶದ ಮರುಬಳಕೆ ಎನ್ನುತ್ತಾರೆ. ಬಾಂಬೆ ಐಐಟಿಯ ಸಂಶೋಧಕರು ಇದನ್ನು ಭಾರತದ ಮುಂಗಾರಿಗೆ ಲೆಕ್ಕ ಹಾಕಿದ್ದಾರೆ. 2014ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಗಂಗಾ ಬಯಲು ಮತ್ತು ಈಶಾನ್ಯ ಭಾರತದಲ್ಲಿ ಮುಂಗಾರಿನ ಕೊನೆಯ ಹೊತ್ತಿಗೆ ಮಳೆಯ ಸುಮಾರು 20ರಿಂದ 25 ಶೇಕಡಾ ಹೀಗೆ ನೆಲದಿಂದಲೇ ಮರಳಿ ಎದ್ದ ನೀರು. ಕೊನೆಯ ಹೊತ್ತಿಗೆ ಏಕೆ ಎಂದರೆ, ಜೂನ್ ಆರಂಭದಲ್ಲಿ ನೆಲ ಒಣಗಿರುತ್ತದೆ, ಕೊಡಲು ಅದರ ಬಳಿ ಏನೂ ಇರುವುದಿಲ್ಲ. ಜುಲೈ, ಆಗಸ್ಟ್ ಮಳೆಯನ್ನು ಕುಡಿದ ಮಣ್ಣು ಮತ್ತು ಹಸುರು ಬೆಳೆ ಸೆಪ್ಟೆಂಬರ್‌ನಲ್ಲಿ ಅದನ್ನು ಹಿಂದಿರುಗಿಸುತ್ತವೆ. ಕಡಲಿನಿಂದ ಬರುವ ಆವಿ ಆ ವೇಳೆಗೆ ಕ್ಷೀಣಿಸುತ್ತಿರುವುದರಿಂದ ನೆಲದ ಪಾಲು ದೊಡ್ಡದಾಗಿ ಕಾಣುತ್ತದೆ.

2018ರಲ್ಲಿ ಅದೇ ಸಂಸ್ಥೆಯವರು ಪಶ್ಚಿಮ ಘಟ್ಟದ ಕಾಡುಗಳನ್ನೇ ವಿಷಯವಾಗಿಟ್ಟುಕೊಂಡು ಬರೆದ ಲೇಖನ ನಮಗೆ ಇನ್ನೂ ಹತ್ತಿರದ್ದು. ನೈಋತ್ಯ ಮುಂಗಾರಿನ ಕಾಲದಲ್ಲಿ ತಮಿಳುನಾಡಿನ ಮೇಲೆ ಬೀಳುವ ಮಳೆಯ ತೇವಾಂಶದಲ್ಲಿ ಗಣನೀಯ ಪಾಲು ಈ ಕಾಡುಗಳಿಂದ ಬರುತ್ತದೆ, ಮಳೆ ಕೊರತೆಯ ವರ್ಷಗಳಲ್ಲಿ ಆ ಪಾಲು ಇನ್ನೂ ಹೆಚ್ಚುತ್ತದೆ ಎಂಬುದು ಅವರ ನಿರ್ಣಯ. ಕಾಡಿನ ಮರಗಳ ಬೇರು ಆಳಕ್ಕೆ ಇಳಿದಿರುವುದರಿಂದ ಮಳೆ ಎರಡು ವಾರ ಬಿಡುವು ಕೊಟ್ಟು ಮೇಲ್ಮಣ್ಣು ಒಣಗಿದರೂ ಅವು ನೀರನ್ನು ಎತ್ತಿ ಎಲೆಗಳಿಂದ ಗಾಳಿಗೆ ಬಿಡುತ್ತಲೇ ಇರುತ್ತವೆ. 2023ರ ಆಗಸ್ಟ್ ಭಾರತಕ್ಕೆ 1901ರ ನಂತರದ ಅತ್ಯಂತ ಒಣ ಆಗಸ್ಟ್ ಆಗಿತ್ತು. ಅಂಥ ಬಿಡುವಿನ ದಿನಗಳಲ್ಲಿ ಘಟ್ಟದ ಕಾಡಿನ ಮಣ್ಣು ಎಷ್ಟು ನೀರನ್ನು ಹಿಡಿದಿಟ್ಟುಕೊಂಡಿದೆ ಎಂಬುದು ಘಟ್ಟದ ಆಚೆಯವರಿಗೆ ಬೇಕಾದ ಸಂಗತಿ.

ನಮ್ಮ ಜಿಲ್ಲೆಗಳಲ್ಲಿ ಕುಮ್ಕಿ ಜಾಗಗಳೂ (ಕೃಷಿ ಜಮೀನಿಗೆ ತಾಗಿದ ಸರಕಾರಿ ನೆಲ) ಹಾಡಿಗಳೂ (ಊರ ಬಳಿಯ ಕಿರುಕಾಡು) ಬೋಳಾಗುವಾಗ ನಾವು ನಮ್ಮ ಬಾವಿಯ ನೀರಿನ ಬಗ್ಗೆ ಮಾತ್ರ ಚಿಂತಿಸುತ್ತೇವೆ. ನಮ್ಮ ಮಣ್ಣು ಕಳೆದುಕೊಂಡ ತೇವದ ಲೆಕ್ಕ ನೂರಾರು ಕಿಲೋಮೀಟರ್ ದೂರದ, ನಾವು ಎಂದೂ ಕಾಣದ ರಾಗಿ ಹೊಲದಲ್ಲಿ ಬರುತ್ತದೆ ಎಂಬುದು ನಮಗೆ ತೋಚುವುದಿಲ್ಲ. ಪಾಠ ಮಾಡುವಾಗ ಮಳೆನೆರಳಿನ ಚಿತ್ರ ಬರೆದು ಘಟ್ಟದ ಮೂಡಣ ಬದಿಯನ್ನು ಬರೇ ಒಣ ನಾಡು ಎಂದು ತೋರಿಸಿ ಮುಗಿಸುತ್ತಿದ್ದ ನಾನು ಈಗ ಆ ಚಿತ್ರದಲ್ಲಿ ಕಾಡಿನಿಂದ ಮೂಡಣಕ್ಕೆ ಹೋಗುವ ಒಂದು ಬಾಣವನ್ನೂ ಬರೆಯುತ್ತೇನೆ.

ಅಡಿಕೆ ಬೆಳೆಗಾರ್ತಿ, ಬಂಟ್ವಾಳ

ನಮ್ಮದು ನೇತ್ರಾವತಿಯಿಂದ ಹೆಚ್ಚು ದೂರವಿಲ್ಲದ ತೋಟ. ಈಗ ನಮ್ಮ ಸುತ್ತ ಡಿಸೆಂಬರ್‌ನಿಂದ ಮೇವರೆಗೆ ಎಲ್ಲ ತೋಟಗಳಲ್ಲೂ ಸ್ಪ್ರಿಂಕ್ಲರ್ ತಿರುಗುತ್ತದೆ, ಹಿಂದೆ ಹೀಗಿರಲಿಲ್ಲ. ಬೇಸಿಗೆಯಲ್ಲಿ ಒದ್ದೆ ನೆಲ ಹೆಚ್ಚಾಗಿದೆ ಎಂದೇ ಹೇಳಬೇಕು. ಹಾಗಿದ್ದರೆ ಟೀಚರ್, ಬೇಸಿಗೆ ಮಳೆಯೂ ಹೆಚ್ಚಾಗಬೇಕಿತ್ತಲ್ಲವೇ? ನನಗಂತೂ ಹಾಗೆ ಕಂಡಿಲ್ಲ. ಬೋರ್‌ವೆಲ್‌ಗಳು ಮಾತ್ರ ಆಳಕ್ಕೆ ಹೋಗಿವೆ.

ಜಲವಿಜ್ಞಾನ ವಿದ್ಯಾರ್ಥಿ, ಸುರತ್ಕಲ್

ಅಕ್ಕ, ಒಂದು ಲೆಕ್ಕ ಮಾಡೋಣ. ನೀರುಣಿಸಿದ ತೋಟದಿಂದ ದಿನಕ್ಕೆ 4 ಮಿಲಿಮೀಟರ್ ಆವಿಯಾಗುತ್ತದೆ ಎಂದರೆ ಹೆಕ್ಟೇರಿಗೆ 40,000 ಲೀಟರ್. ಕೇಳಲು ದೊಡ್ಡದು. ಆದರೆ ಮೇ ಕೊನೆಯ ಹೊತ್ತಿಗೆ ಕರಾವಳಿಯ ಮೇಲಿನ ಗಾಳಿಯ ಕಂಬದಲ್ಲಿ ಆಗಲೇ ಇರುವ ಆವಿಯನ್ನೆಲ್ಲ ಹಿಂಡಿದರೆ ಸುಮಾರು 50 ಮಿಲಿಮೀಟರ್ ನೀರಾಗುತ್ತದೆ. ತೋಟ ಸೇರಿಸುವುದು ಅದರ ಹನ್ನೆರಡನೆಯ ಒಂದು ಭಾಗ, ಅದೂ ಇಡೀ ಪ್ರದೇಶ ತೋಟವೇ ಆಗಿದ್ದರೆ ಮಾತ್ರ. ತೋಟಗಳ ನಡುವೆ ಪದವು, ಗುಡ್ಡ, ಗೇರು, ರಬ್ಬರ್, ಊರು, ರಸ್ತೆ ಇವೆ. ಇನ್ನೊಂದು ವಿಷಯ: ಸೆಕೆಂಡಿಗೆ 5 ಮೀಟರ್ ವೇಗದ ಸಾಧಾರಣ ಗಾಳಿ ಗಂಟೆಗೆ 18 ಕಿಲೋಮೀಟರ್ ಹೋಗುತ್ತದೆ. ಬೆಳಿಗ್ಗೆ ಹತ್ತಕ್ಕೆ ನಿಮ್ಮ ತೋಟ ಬಿಟ್ಟ ಆವಿ ಸಂಜೆ ನಾಲ್ಕಕ್ಕೆ ನೂರು ಕಿಲೋಮೀಟರ್ ಆಚೆಗಿರಬಹುದು.

ಕಾರ್ಕಳದ ಹಿರಿಯರ ಎರಡನೆಯ ಪ್ರಶ್ನೆಗೂ ಇದೇ ಉತ್ತರ. ಒಂದು ಊರಿನ ಬೈಲು ಒದ್ದೆಯಾಗಿದ್ದರಿಂದ ಆ ಊರಿಗೆ ಮಳೆ ಬರುವುದಿಲ್ಲ. ಮೋಡ ಹುಟ್ಟಿಸುವಂಥ ಗಾಳಿಯ ಸುಳಿ ಏಳಬೇಕಾದರೆ ಒದ್ದೆ ಮತ್ತು ಒಣ ತುಂಡುಗಳು ಹತ್ತಾರು ಕಿಲೋಮೀಟರ್ ಅಗಲವಿರಬೇಕು. ನಮ್ಮಲ್ಲಿ ಬೈಲು, ಮಜಲು, ಬೆಟ್ಟು, ಅಂದರೆ ತಗ್ಗಿನ, ನಡುವಿನ, ಎತ್ತರದ ಗದ್ದೆಗಳು, ಎಲ್ಲವೂ ಒಂದು ಕೂಗಳತೆಯೊಳಗೆ ಮುಗಿಯುತ್ತವೆ. ಗಾಳಿ ಅವುಗಳನ್ನು ಬೇರೆ ಬೇರೆಯಾಗಿ ಗುರುತಿಸುವುದೇ ಇಲ್ಲ, ಎಲ್ಲವನ್ನೂ ಕಲಸಿ ಒಂದೇ ನೆಲವೆಂದು ಕಾಣುತ್ತದೆ.

ನೀರಾವರಿ ಇಡೀ ನಾಡನ್ನೇ ಆವರಿಸಿದಾಗ ವಿಷಯ ಬೇರೆ. ಗಂಗಾ ಬಯಲಿನ ಭಾರೀ ನೀರಾವರಿ ಅಲ್ಲಿನ ನೆಲವನ್ನು ತಂಪು ಮಾಡಿ, ಮುಂಗಾರಿನ ಗಾಳಿ ಮತ್ತು ಮಳೆಯ ಹಂಚಿಕೆಯನ್ನೇ ಬದಲಿಸುತ್ತಿದೆ ಎಂದು ಹಲವು ಮಾದರಿ ಅಧ್ಯಯನಗಳು ತೋರಿಸಿವೆ. 2016ರಲ್ಲಿ ಭಾರತ ಮತ್ತು ಬ್ರಿಟನ್ನಿನ ವಿಜ್ಞಾನಿಗಳು ಬೆಂಗಳೂರು ಮತ್ತು ಲಖನೌಗಳಿಂದ ಸಂಶೋಧನಾ ವಿಮಾನ ಹಾರಿಸಿ, ಮುಂಗಾರು ಕಾಲಿಡುವ ಹೊತ್ತಿನಲ್ಲಿ ಒದ್ದೆ ಮತ್ತು ಒಣ ನೆಲಗಳ ಮೇಲಿನ ಗಾಳಿ ಹೇಗೆ ಬೇರೆಯಾಗಿರುತ್ತದೆ ಎಂದು ನೇರವಾಗಿ ಅಳೆದಿದ್ದರು.

ನಿವೃತ್ತ ಎಂಜಿನಿಯರ್, ಮಂಗಳೂರು

ಈ ಕೊನೆಯ ಉತ್ತರದ ಬಗ್ಗೆ ನನ್ನ ಒಂದು ಆಕ್ಷೇಪವಿದೆ. ಕಟ್ಟ ಹಾಕಿದರೆ ಮಳೆ ಬರುವುದಿಲ್ಲ ಎಂಬುದನ್ನು ಒಪ್ಪುತ್ತೇನೆ, ಆದರೆ ಓದಿದವರು ಕಟ್ಟವೇ ಬೇಡ ಎಂದುಕೊಳ್ಳಬಾರದು. ಮುರಕಲ್ಲಿನ ನೆಲ ನೀರನ್ನು ಬೇಗ ಕುಡಿಯುತ್ತದೆ, ಅಷ್ಟೇ ಬೇಗ ಬಿಟ್ಟುಕೊಡುತ್ತದೆ. 4,000 ಮಿಲಿಮೀಟರ್ ಮಳೆ ಬೀಳುವ ನಾಡಿನಲ್ಲಿ ಏಪ್ರಿಲ್‌ಗೆ ಮಂಗಳೂರಿಗೆ ನೀರು ಕೊಡುವ ತುಂಬೆಯ ಅಣೆಕಟ್ಟಿನ, ಉಡುಪಿಗೆ ನೀರು ಕೊಡುವ ಬಜೆಯ ಅಣೆಕಟ್ಟಿನ ನೀರಿನ ಮಟ್ಟವನ್ನು ಎಲ್ಲರೂ ದಿನವೂ ವಿಚಾರಿಸುವಂತಾಗಿರುವುದು ಇದರಿಂದ. ಕಟ್ಟ, ಮದಕ (ಮಳೆನೀರು ನಿಲ್ಲಿಸುವ ಕೆರೆ), ಇಂಗುಗುಂಡಿ ಇವು ಬಿದ್ದ ಮಳೆಯನ್ನು ಮಣ್ಣಿನಲ್ಲಿ ಉಳಿಸುವ ಉಪಾಯಗಳು, ಅವುಗಳಿಂದ ಬಾವಿಯ ಒರತೆ ಉಳಿಯುತ್ತದೆ. ಅವುಗಳಿಗೆ ಮಳೆ ತರಿಸುವ ಹೆಗ್ಗಳಿಕೆಯನ್ನು ಸಭೆಗಳಲ್ಲಿ ಹೊರಿಸುವುದನ್ನು ನಾನು ಕೇಳಿದ್ದೇನೆ. ಅದು ತಪ್ಪು, ಏಕೆಂದರೆ ಮಳೆ ಬಾರದ ಮರುವರ್ಷ ಜನ ಕಟ್ಟ ಹಾಕುವುದನ್ನೇ ಬಿಟ್ಟುಬಿಡುತ್ತಾರೆ.

ಕೃಷಿಕ, ಕಾರ್ಕಳ

ಎಂಜಿನಿಯರ್ ಸರ್ ಹೇಳಿದ್ದು ನನ್ನ ಮನಸ್ಸಿಗೆ ನಾಟಿತು. ಮಳೆಗಾಗಿ ಅಲ್ಲದಿದ್ದರೂ ಬಾವಿಗಾಗಿ ಈ ನವೆಂಬರ್‌ನಲ್ಲಿ ನಮ್ಮ ತೋಡಿಗೆ ಕಟ್ಟ ಹಾಕುತ್ತೇವೆ.

ಇನ್ನು ನನ್ನ ಪುಸ್ತಕದಿಂದ ನಿಜ ಹೊರಡಿಸುವ ದಾರಿ ಯಾವುದಾದರೂ ಇದೆಯೇ ಎಂದು ತಿಳಿಯುವ ಆಸೆ. ಮಣ್ಣಿನ ತೇವವನ್ನು ಉಪಗ್ರಹದಿಂದಲೇ ಅಳೆಯುತ್ತಾರೆ ಎಂದು ಕೇಳಿದ್ದೇನೆ, ಅದು ನಮಗೆ ಸಿಗುವುದೇ?

ಜಲವಿಜ್ಞಾನ ವಿದ್ಯಾರ್ಥಿ, ಸುರತ್ಕಲ್

ಸಿಗುತ್ತದೆ, ಆದರೆ ನಮ್ಮ ನೆಲಕ್ಕೆ ಅದರ ಉಪಯೋಗ ಸೀಮಿತ. ಯುರೋಪಿನ ಸ್ಮಾಸ್ ಉಪಗ್ರಹ 2009ರಿಂದ, ನಾಸಾದ ಸ್ಮ್ಯಾಪ್ 2015ರಿಂದ ಈ ಕೆಲಸ ಮಾಡುತ್ತಿವೆ. ಅವು ನೋಡುವುದು ಮೇಲಿನ 5 ಸೆಂಟಿಮೀಟರ್ ಮಣ್ಣನ್ನು ಮಾತ್ರ, ಒಂದೊಂದು ಅಳತೆಯೂ ಹತ್ತಾರು ಕಿಲೋಮೀಟರ್ ಅಗಲದ ಸರಾಸರಿ, ದಟ್ಟ ಕಾಡು ಮತ್ತು ಕಡಲಿನ ಅಂಚಿನಲ್ಲಿ ನಂಬಿಕೆ ಕಡಿಮೆ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ, ಇಸ್ರೋ ಮತ್ತು ನಾಸಾ ಸೇರಿ ಮಾಡಿದ ನಿಸಾರ್ ಉಪಗ್ರಹ ಹೆಚ್ಚು ಸೂಕ್ಷ್ಮವಾಗಿ ನೋಡಬಲ್ಲದು, ನನಗೆ ಅದರ ಮೇಲೆ ಭರವಸೆಯಿದೆ.

ಮನೆಯಲ್ಲೇ ಅಳೆಯುವುದು ಕಷ್ಟವಲ್ಲ. ಒಂದು ಗೇಣು ಆಳದಿಂದ ಮಣ್ಣು ತೆಗೆದು, ಮುರಕಲ್ಲಿನ ಚೂರುಗಳನ್ನು ಆರಿಸಿ ಹಾಕಿ, ಮುಚ್ಚಳವಿರುವ ಡಬ್ಬಿಯಲ್ಲಿ ತಕ್ಷಣ ತೂಗಬೇಕು. 105 ಡಿಗ್ರಿ ಶಾಖದ ಒಲೆಯಲ್ಲಿ ಒಂದು ದಿನ ಒಣಗಿಸಿ ಮತ್ತೆ ತೂಗಿದರೆ ಕಡಿಮೆಯಾದ ತೂಕವೇ ನೀರು. ಮೊದಲ ಮಳೆಯ ಮರುದಿನದಿಂದ ಒಂದು ವಾರ ಹೀಗೆ ಮಾಡಿದರೆ ನಮ್ಮ ಮಣ್ಣು ಎಷ್ಟು ದಿನ ತೇವ ಹಿಡಿಯುತ್ತದೆ ಎಂಬುದಾದರೂ ತಿಳಿಯುತ್ತದೆ. ಎರಡೇ ದಿನದಲ್ಲಿ ಮೇಲ್ಮಣ್ಣು ಒಣಗಿದರೆ, ನಾಲ್ಕನೆಯ ದಿನದ ಮಳೆಗೆ ಅದನ್ನು ಕಾರಣವೆನ್ನುವುದು ಕಷ್ಟ.

ಪುಸ್ತಕದ ಪರೀಕ್ಷೆ ಹೀಗೆ ಮಾಡಬಹುದು. ಏಪ್ರಿಲ್, ಮೇ ತಿಂಗಳುಗಳಲ್ಲಿ ನಿಮ್ಮಲ್ಲಿ ಮಳೆಯಾಗಿ, 15 ಅಥವಾ 20 ಕಿಲೋಮೀಟರ್ ಉತ್ತರಕ್ಕೋ ದಕ್ಷಿಣಕ್ಕೋ ಇರುವ ಇನ್ನೊಂದು ಘಟ್ಟದ ಬುಡದ ಊರಿನಲ್ಲಿ ಮಳೆಯಾಗದ ದಿನಗಳನ್ನು ಮಾತ್ರ ಆರಿಸಿ. ಮುಂದಿನ ಮೂರು ದಿನ ಮಳೆ ಎಲ್ಲಿ ಹೆಚ್ಚು ಬಿತ್ತು ಎಂದು ನೋಡಿ. ಎರಡೂ ಊರುಗಳ ಮೇಲಿನ ಆಕಾಶ ಒಂದೇ, ಬೇರೆಯಾದದ್ದು ಮಣ್ಣು ಮಾತ್ರ. ಒಂದು ಊರಿನಲ್ಲಿ ಯಾವಾಗಲೂ ಮಳೆ ಹೆಚ್ಚಿರಬಹುದು, ಆದ್ದರಿಂದ ಆಯಾ ಊರಿನ ಸರಾಸರಿಯೊಂದಿಗೆ ಹೋಲಿಸಬೇಕು. ಇತ್ತೀಚಿನ ವರ್ಷಗಳಿಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕಗಳ ಅಂಕಿಗಳು ಹೋಲಿಕೆಗೆ ಒದಗುತ್ತವೆ. ಒಂದೇ ತೊಡಕು ಎಂದರೆ, ಬೆಳಿಗ್ಗೆ ಎಂಟೂವರೆಯ ಅಳತೆಯಲ್ಲಿ ಸಂಜೆ ನಾಲ್ಕರ ಮಳೆಯೂ ನಡುರಾತ್ರಿಯ ಮಳೆಯೂ ಒಂದೇ ಅಂಕಿಯೊಳಗೆ ಸೇರಿರುತ್ತವೆ. ನಮಗೆ ಬೇಕಾದದ್ದು ಬಿಸಿಲಿನಿಂದ ಹುಟ್ಟಿದ ಸಂಜೆಯ ಮಳೆ ಮಾತ್ರ.

ಅಡಿಕೆ ಬೆಳೆಗಾರ್ತಿ, ಬಂಟ್ವಾಳ

ನಮ್ಮ ಮಾವನವರು ಬರೆದಿಟ್ಟ ಮಳೆಯ ಲೆಕ್ಕವೂ ಕೆಲವು ವರ್ಷಗಳದ್ದು ಮನೆಯಲ್ಲಿದೆ. ನಾವು ಘಟ್ಟದ ಬುಡದವರಲ್ಲ, ದೂರವೂ ಹೆಚ್ಚು, ಆದರೂ ಬೇಕಾದರೆ ಮೇ ತಿಂಗಳ ಪುಟಗಳ ಫೋಟೊ ತೆಗೆದು ಹಾಕುತ್ತೇನೆ.

ಕೃಷಿಕ, ಕಾರ್ಕಳ

ದಯವಿಟ್ಟು ಹಾಕಿ, ಅಕ್ಕ. ಬೆಳ್ತಂಗಡಿ ಅಥವಾ ಹೆಬ್ರಿ ಕಡೆಯವರು ಯಾರಲ್ಲಾದರೂ ಹಳೆಯ ಲೆಕ್ಕವಿದ್ದರೆ ಅದು ಇನ್ನೂ ಉಪಯೋಗಕ್ಕೆ ಬರುತ್ತದೆ. ಈ ಏಪ್ರಿಲ್‌ನಿಂದ ನಾನು ಮಳೆ ಶುರುವಾದ ಗಂಟೆಯನ್ನೂ ಬರೆದಿಡುತ್ತೇನೆ; ಮಣ್ಣು ತೂಗಲು ಪೇಟೆಯಲ್ಲಿರುವ ಮಗಳ ಮನೆಯ ಓವನ್ ಸಿಗುತ್ತದೆ.

ತಂದೆಯವರ ಪುಸ್ತಕದಲ್ಲಿ ಗಂಟೆ ಬರೆದಿಲ್ಲ. ಆದರೆ ಇವತ್ತು ಮತ್ತೆ ತೆಗೆದು ನೋಡಿದಾಗ ಹಲವು ಕಡೆ ಅಂಕಿಯ ಪಕ್ಕದಲ್ಲಿ ಪೆನ್ಸಿಲಿನಿಂದ "ದನ ಹಟ್ಟಿಗೆ ಬರುವ ಮೊದಲು" ಎಂದೋ "ದೀಪ ಹಚ್ಚಿದ ಮೇಲೆ" ಎಂದೋ ಬರೆದಿರುವುದು ಕಂಡಿತು. ಮೊದಲನೆಯದನ್ನು ಸಂಜೆ ಐದಕ್ಕೆ ಮುಂಚಿನ ಮಳೆ ಎಂದು ಹಿಡಿದು, ಆ ದಿನಗಳನ್ನಷ್ಟೇ ಬೇರೆ ಮಾಡಿ ಎಣಿಸಬಹುದೇ?